ಬಿಸಿ ತಾಗದ ಕೈ

30-8-2007, ಗುರುವಾರ

ರಾಯರ ಮಧ್ಯಾರಾಧನೆ ಆಯಿತು. ಮಠದ ಅಂಗಳ ತುಂಬಿ ಪಂಕ್ತಿ ಬೀದಿಗೆ ಬಂತು. ಸಾರಿಗೆ ಹುಳಿ ಮುಂದಾಗಿತ್ತು, ಗೊಜ್ಜಿಗೆ ಬೆಲ್ಲ ಸಾಲಲಿಲ್ಲ, ಹಯಗ್ರೀವ ಮಾತ್ರ ಹೆಸರು ಉಳಿಸಿತು. ಮುಂದಿನ ವರ್ಷಕ್ಕೆ ನೆನಪಿರಲಿ ಅಂತ ಬರೆದಿಡುತ್ತಿದ್ದೇನೆ. ಇವರ ಗಣಿ ಕಂಪನಿ ಹೊಸ ವರ್ಷಕ್ಕೆ ಹಂಚಿದ ಡೈರಿ ಇದು. ಇಷ್ಟು ದಿನ ಟ್ರಂಕಿನ ಮೇಲೆ ಕೆಂಪು ಧೂಳು ತಿನ್ನುತ್ತಿತ್ತು. ಹೊಸಪೇಟೆಯಲ್ಲಿ ಈಗ ಧೂಳು ತಿನ್ನದ ವಸ್ತು ಯಾವುದಿದೆ?

ಮಠದ ಅಡಿಗೆ ನನ್ನದೇ, ಈ ಸಲ ನನ್ನ ಜೊತೆ ಕಂಪ್ಲಿಯಿಂದ ಇಬ್ಬರು ಹೊಸ ಅಡಿಗೆಯವರು ಬಂದಿದ್ದರು. ಸಾರಿನ ಬೋಗುಣಿ ಕುದ್ದು ಉಕ್ಕುತ್ತಿದೆ, ಇಳಿಸಲು ಒಬ್ಬ ಇಕ್ಕಳ ಹುಡುಕುತ್ತಾನೆ, ಇನ್ನೊಬ್ಬ ಅರಿವೆ ಕೇಳುತ್ತಾನೆ. ಮಡಿಯಲ್ಲಿ ಅಡಿಗೆ ನಡೆದಿರುವಾಗ ಕಂಡ ಕಂಡ ಅರಿವೆ ಮುಟ್ಟಲು ಬರುತ್ತದೆಯೆ? ನಾನೇ ಹೋಗಿ ಎರಡೂ ಕೈಯಿಂದ ಕಂಠ ಹಿಡಿದು ಇಳಿಸಿದೆ. ಗಂಡಸರು ಬಾಯಿ ತೆರೆದು ನಿಂತರು. ಮಠದ ವಿದ್ಯಾಧೀಶಾಚಾರ್ಯರು, “ಯಮುನಾಬಾಯಿ, ಇವು ಬರೇ ಕೈ ಅಲ್ರಿ, ರಾಯರ ಅನುಗ್ರಹ,” ಅಂದರು.

ಮನೆಯಲ್ಲಿ ಗೋದತ್ತೆ ಇದನ್ನು ವರ್ಷಗಳಿಂದ ಹೇಳುತ್ತಿದ್ದಾರೆ. ಇವರ ಸೋದರತ್ತೆ ಅವರು. ಚಿಕ್ಕ ಹುಡುಗಿಯಾಗಿದ್ದಾಗಲೇ ಗಂಡ ತೀರಿಹೋಗಿ, ತಲೆಗೂದಲು ತೆಗೆಸಿ, ಕೆಂಪು ಸೀರೆ ಉಡಿಸಿದ್ದಾರೆ. ಎಂಬತ್ತು ದಾಟಿದರೂ ಮಡಿಯಲ್ಲಿ ಕೂದಲೆಳೆಯಷ್ಟು ಸಡಿಲವಿಲ್ಲ. ಅಂಥವರು ಒಬ್ಬರನ್ನು ಹೊಗಳಿದರೆ ಅದಕ್ಕೆ ತೂಕವಿದೆ.

ಹಿತ್ತಲಲ್ಲಿ ಒಂದು ಎಡವಟ್ಟಾಯಿತು. ನಮ್ಮ ಮನೆಯಲ್ಲೂ ಮಠದಲ್ಲೂ ಪಾತ್ರೆ ತೊಳೆಯುವ ಗಾದಿಗನೂರಿನ ದುರ್ಗಕ್ಕ ನಲ್ಲಿಯ ಹತ್ತಿರ ಕೂತಿದ್ದಳು. ಹೋಗುವಾಗ ಮೈಗೆ ಮೈ ತಾಗಿತು. ಅಷ್ಟು ಕೆಲಸದ ನಡುವೆ ಮತ್ತೆ ಸ್ನಾನ, ಮತ್ತೆ ಒದ್ದೆ ಸೀರೆ. “ಕಣ್ಣು ಎಲ್ಲಿಟ್ಟಿದ್ದಿ?” ಅಂತ ಬೈದೆ. “ನನ್ನ ಕಣ್ಣು ಪಾತ್ರಿ ಮ್ಯಾಲ ಇದ್ವುರಿ ಅಮ್ಮಾರ. ನೀವಾ ವಾಲಿ ಬಂದು ನನ್ನ ಮ್ಯಾಲ ಬಿದ್ರಿ,” ಅಂದಳು. ಕೆಲಸಕ್ಕಿಂತ ಬಾಯಿ ಮುಂದು ಅವಳದು.

2-9-2007, ಭಾನುವಾರ

ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿವೆ. ನಾನು ನೋಡಿರಲಿಲ್ಲ. ಮಗಳು ಶ್ರೀಪ್ರಿಯಾ ಜಡೆ ಹಾಕಿಸಿಕೊಳ್ಳುವಾಗ ಕನ್ನಡಿಯಲ್ಲಿ ಕಂಡು ಚೀರಿದಳು. ಬಿ.ಎಸ್ಸಿ. ಓದುತ್ತಾಳೆ, ಎಲ್ಲದಕ್ಕೂ ಯಾಕೆ ಅನ್ನುತ್ತಾಳೆ. “ಅಮ್ಮಾ, ನೋವಾಗಂಗಿಲ್ಲೇನು?” ಅಂದಳು. ಆಗುವುದಿಲ್ಲ. ಆದರೆ ತಾನೇ ಹೇಳುವುದು?

ನೋವೆಂದರೆ ತಲೆಯದು. ಕೆಮ್ಮಿದರೆ ಸಾಕು, ಹಿಂದಲೆಯಲ್ಲಿ ಸುತ್ತಿಗೆ ಏಟು. ಸೀನಿದರೂ ಅದೇ. ನಕ್ಕರೂ ಅದೇ, ಹಿಂದಲೆ ಒತ್ತಿ ಹಿಡಿದುಕೊಂಡೇ ನಗಬೇಕು. ಪೇಟೆಯ ಡಾಕ್ಟರು ಧೂಳಿನ ಅಲರ್ಜಿ ಅಂದರು, ಕೆಮ್ಮಿನ ಔಷಧಿ ಕೊಟ್ಟರು. ಸರಿಯೇ. ಇವರು ಸೊಂಡೂರು ರಸ್ತೆಯ ವೇಬ್ರಿಡ್ಜಿನಲ್ಲಿ ಅದಿರಿನ ಲಾರಿ ತೂಗಿಸುವವರು. ಸಂಜೆ ಮನೆಗೆ ಬಂದಾಗ ಹುಬ್ಬು ಕೂಡ ಕೆಂಪಗಿರುತ್ತದೆ. ಇವರ ಅಂಗಿ ಒಗೆದ ನೀರಿನಲ್ಲಿ ಗೋಡೆಗೆ ಕೆಮ್ಮಣ್ಣು ಸಾರಿಸಬಹುದು. ಇವರಿಗೆ ಬರದ ಕೆಮ್ಮು ನನಗೆ ಬಂದಿದೆ.

22-9-2007, ಶನಿವಾರ

ತಲೆನೋವು ಹೋಗಲೆಂದು ಹಂಪಿಯ ಯಂತ್ರೋದ್ಧಾರಕ ಪ್ರಾಣದೇವರಿಗೆ ಹೆಜ್ಜೆ ನಮಸ್ಕಾರ ಹರಕೆ ಹೊತ್ತಿದ್ದೆ. ಹಿಮ್ಮಡಿಗೆ ಹೆಬ್ಬೆರಳು ಮುಟ್ಟಿಸಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಪ್ರದಕ್ಷಿಣೆ ಬರುವುದು. ಹುಡುಗಿಯಾಗಿದ್ದಾಗ ಕಣ್ಣು ಮುಚ್ಚಿ ಮಾಡುತ್ತಿದ್ದೆ. ಇವತ್ತು ಒಂದು ಸುತ್ತು ಮುಗಿಯುವಷ್ಟರಲ್ಲಿ ಗೋಡೆ ಹಿಡಿಯಬೇಕಾಯಿತು. ಹಾಸುಗಲ್ಲು ಏರುಪೇರಾಗಿವೆ. ಎಷ್ಟು ಶತಮಾನದ ಕಲ್ಲೋ ಏನೋ.

ಬೆಟ್ಟ ಇಳಿಯುವಾಗ ಪ್ರಿಯಾ ಕೈ ಹಿಡಿಯಲು ಬಂದಳು. ನನಗಿನ್ನೂ ಮುದುಕಿಯ ವಯಸ್ಸಾಗಿಲ್ಲ ಅಂತ ಕೊಡವಿಕೊಂಡೆ.

19-10-2007, ಶುಕ್ರವಾರ

ನವರಾತ್ರಿಯ ಅಡಿಗೆ, ಗಣಿ ಗುತ್ತಿಗೆದಾರರ ಹೊಸ ಮನೆಯಲ್ಲಿ. ಮನೆಯೋ ಅರಮನೆಯೋ. ದೇವರ ಕೋಣೆಗೂ ಎ.ಸಿ. ಹಾಕಿಸಿದ್ದಾರೆ, ದೀಪ ನಿಲ್ಲುವುದಿಲ್ಲ.

ಪಾಯಸದ ಪಾತ್ರೆ ಕೈ ಜಾರಿತು. ಅಷ್ಟೂ ನೆಲದ ಪಾಲು. ಜಿಡ್ಡಿನ ಕೈ ಎಂದೆ. ಮನೆಯೊಡತಿ ಸೀರೆ ಎತ್ತಿಕೊಂಡು ದಾಟಿ ಹೋದರು, ಅದೇ ಹೆಚ್ಚು ಚುಚ್ಚಿತು. ಹೊರಗೆ ಬಂದಾಗ, ಪಾತ್ರೆ ತೊಳೆಯಲು ನನ್ನ ಜೊತೆ ಬಂದಿದ್ದ ದುರ್ಗಕ್ಕ, “ಬಿಡ್ರಿ ಅಮ್ಮಾರ, ಇಷ್ಟು ಚಂದದ ನೆಲ ಅದೂ ಒಮ್ಮಿ ಪಾಯಸ ಉಣ್ಣಲಿ,” ಅಂದಳು. ನಗು ಬಂತು. ನಕ್ಕೆ, ತಲೆ ಸಿಡಿಯಿತು, ಗೋಡೆಗೆ ಒರಗಿ ಕೂತೆ.

ಪ್ರಿಯಾ, “ಅಮ್ಮಾ, ನೀ ನಗೂದs ಬಿಟ್ಟೀ ನೋಡು,” ಅನ್ನುತ್ತಾಳೆ. ಕೆಲಸ ಮಾಡುವವರಿಗೆ ಹಗಲೆಲ್ಲ ಹಲ್ಲು ಕಿರಿಯಲು ಬಿಡುವಿರುತ್ತದೆಯೆ?

8-11-2007, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ನರಕ ಚತುರ್ದಶಿ. ನಿನ್ನೆಯೇ ಹಂಡೆ ತೊಳೆದು, ನೀರು ತುಂಬಿ, ಕಟ್ಟಿಗೆ ಜೋಡಿಸಿದ್ದೆ. ಎಣ್ಣೆ ಹಚ್ಚಿಕೊಂಡು ಗೋದತ್ತೆ ಬಚ್ಚಲಲ್ಲಿ ಮಣೆಯ ಮೇಲೆ ಕೂತರು. ಮಡಿ ನೀರನ್ನು ನಾನಲ್ಲದೆ ಯಾರೂ ಮುಟ್ಟುವ ಹಾಗಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು ತಣ್ಣೀರು ಬೆರೆಸಿದೆ, ಮುಂಗೈವರೆಗೆ ಕೈ ಇಳಿಸಿ ನೋಡಿದೆ, ಹದವಾಗಿದೆ ಅಂದುಕೊಂಡೆ, ಮೊದಲ ತಂಬಿಗೆಯನ್ನು ಭುಜದ ಮೇಲೆ ಹೊಯ್ದೆ.

ಅವರು ಕೂಗಲಿಲ್ಲ. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. “ಯಮುನಾ, ನೀರು ಕುದೀಲಿಕ್ಕತ್ಯಾವ,” ಅಂದರು. ಮುದುಕಿಯ ಚರ್ಮ ತೆಳುವಾಗಿದೆ, ಅದಕ್ಕೆ ಹಾಗೆ ಅನ್ನುತ್ತಾರೆ ಅಂತ ಮತ್ತೆ ಕೈ ಅದ್ದಿದೆ. ನೀರು ನೀರಾಗಿತ್ತು, ಅಷ್ಟೇ. ಪ್ರಿಯಾಳನ್ನು ಕರೆದೆ. ಅವಳು ಬೆರಳು ತಾಗಿಸಿ ಹಿಂದಕ್ಕೆ ಎಳೆದುಕೊಂಡಳು, ಆಮೇಲೆ ನನ್ನ ಮುಖ ನೋಡಿದಳು. ಅಷ್ಟು ಹೊತ್ತಿಗೆ ಗೋದತ್ತೆಯ ಭುಜದ ಮೇಲೆ ಚರ್ಮ ಕೆಂಪಾಗಿ ಏಳುತ್ತಿತ್ತು.

ನನಗೆ ಭಯವಾಯಿತು. ನನ್ನ ಕೈಯನ್ನು ಕಂಡರೆ ನನಗೇ ಭಯವಾಯಿತು.

ಡಾಕ್ಟರು ಬಂದು ಮುಲಾಮು ಹಚ್ಚಿ ಹೋದ ಮೇಲೆ ಗೋದತ್ತೆ ಕವುಚಿ ಮಲಗಿಕೊಂಡೇ ಹೇಳಿದರು: “ಇಷ್ಟು ವರ್ಷ ನಾನs ನಿನ್ನ ಕೈ ಹೊಗಳಿದೆ. ಅದು ಅನುಗ್ರಹ ಅಲ್ಲ, ಏನೋ ಜಡ್ಡು. ದೊಡ್ಡ ದವಾಖಾನಿಗೆ ನಡಿ. ನಾಳೆ ನಾಡದ ಅನಬ್ಯಾಡ.”

14-11-2007, ಬುಧವಾರ

ಬಳ್ಳಾರಿಯ ನರದ ಡಾಕ್ಟರಲ್ಲಿ ಹೋಗಿದ್ದೆವು. ಅದಿರಿನ ಲಾರಿ ಸಾಲಿನಲ್ಲಿ ಬಸ್ಸು ಆಮೆಯ ಹಾಗೆ ಹೋಯಿತು.

ಡಾಕ್ಟರು ಕಣ್ಣು ಮುಚ್ಚಿಸಿ ಎರಡು ಗಾಜಿನ ಕೊಳವೆ ಕೈಗೆ ತಾಗಿಸಿದರು. “ಯಾವ್ದು ಬಿಸಿ, ಯಾವ್ದು ತಣ್ಣಗ?” ಎಂದರು. ಎರಡೂ ಗಾಜು ಅಂದೆ. ಅದೇ ಕೊಳವೆ ಕೆನ್ನೆಗೆ ತಾಗಿಸಿದಾಗ ಬೆಚ್ಚಿಬಿದ್ದೆ, ಒಂದು ಸುಡುತ್ತಿತ್ತು. ಸೂಜಿಯಿಂದ ಚುಚ್ಚಿದ್ದನ್ನು ಬೆರಳು ಮುಟ್ಟಿದ್ದೆಂದು ಹೇಳಿದೆನಂತೆ. “ನಿಮಗ ಮುಟ್ಟಿದ್ದು ಗೊತ್ತಾಗ್ತದ, ಸುಟ್ಟದ್ದು ಗೊತ್ತಾಗಂಗಿಲ್ಲ. ಹಿಂಗಾಗಿ ಇಷ್ಟು ವರ್ಷ ನಿಮಗ ಸಂಶಯ ಬಂದಿಲ್ಲ,” ಅಂದರು. ಉಪ್ಪಿನ ಹರಳು, ರವೆಯ ತರಿ, ಕಣಕದ ಹದ ಎಲ್ಲ ಬೆರಳಿಗೆ ತಿಳಿಯುತ್ತದೆ. ಬೆಂಕಿ ಒಂದು ತಿಳಿಯುವುದಿಲ್ಲ.

ಆಮೇಲೆ ಹಿಮ್ಮಡಿಗೆ ಹೆಬ್ಬೆರಳು ಮುಟ್ಟಿಸಿ ನೇರ ಗೆರೆಯಲ್ಲಿ ನಡೆಯಿರಿ ಅಂದರು. ಇದು ಹೆಜ್ಜೆ ನಮಸ್ಕಾರ, ನನಗೆ ಬರುತ್ತದೆ ಅಂದೆ. ನಾಲ್ಕು ಹೆಜ್ಜೆಗೆ ವಾಲಿ ಮೇಜು ಹಿಡಿದೆ. ನುಣುಪು ನೆಲ, ಒಂದು ಏರಿಲ್ಲ ತಗ್ಗಿಲ್ಲ. ಹಂಪಿಯ ಕಲ್ಲಿಗೆ ಸುಮ್ಮನೆ ದೂರು ಹೇಳಿದ್ದೆ.

26-11-2007, ಸೋಮವಾರ

ಎಂ.ಆರ್.ಐ. ಆಯಿತು. ಜಲ್ಲಿ ಕ್ರಷರಿನೊಳಗೆ ಮಲಗಿಸಿದ ಹಾಗೆ ಸದ್ದು.

ರೋಗಕ್ಕೆ ಹೆಸರಿದೆ, ಕಿಯಾರಿ. ಹುಟ್ಟುವಾಗಲೇ ಹಿಂದಲೆಯ ಗೂಡು ಸಣ್ಣದಾಗಿ ಕೂಡಿದೆಯಂತೆ. ಜಾಗ ಸಾಲದೆ ಚಿಕ್ಕಮೆದುಳಿನ ತುದಿ ಬುರುಡೆಯ ತೂತಿನಿಂದ ಕುತ್ತಿಗೆಗೆ ಇಳಿದು ಕೂತಿದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಮಾವಿನ ಹೋಳು ಸಿಕ್ಕಿಕೊಂಡ ಹಾಗೆ ಅಂತ ನಾನು ತಿಳಿದುಕೊಂಡೆ. ಅಲ್ಲಿ ಓಡಾಡಬೇಕಾದ ನೀರು ದಾರಿ ಕಾಣದೆ ಬೆನ್ನುಹುರಿಯೊಳಗೆ ತುಂಬಿ, ಚೀಲ ಕಟ್ಟಿ, ಬಿಸಿ ತಿಳಿಸುವ ನರಗಳನ್ನು ಒಳಗಿಂದ ಒತ್ತುತ್ತಿದೆ. ಕೆಮ್ಮಿದರೆ, ನಕ್ಕರೆ ಹೋಳು ಇನ್ನೂ ಬಿಗಿಯುತ್ತದೆ. ಧೂಳಿಗೂ ಇದಕ್ಕೂ ಸಂಬಂಧವಿಲ್ಲ.

ಹುಟ್ಟಿದಾಗಿನಿಂದ ಜೊತೆಗಿದ್ದದ್ದು ಈಗ ಹೆಸರು ಹೇಳಿಕೊಂಡು ಎದುರು ಕೂತಿದೆ.

6-12-2007, ಗುರುವಾರ

ಹುಬ್ಬಳ್ಳಿಯ ಸರ್ಜನ್ನರು ಫಿಲ್ಮುಗಳನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಹೇಳಿದರು. ಸುಮ್ಮನಿರಬಹುದು, ನೋವಿಗೆ ಮಾತ್ರೆ ನುಂಗುತ್ತ, ಆಗಾಗ ಸ್ಕ್ಯಾನ್ ಮಾಡಿಸುತ್ತ ನೋಡಬಹುದು. ನೀರಿನ ಚೀಲಕ್ಕೆ ಸಣ್ಣ ಕೊಳವೆ ಹಾಕುವುದೂ ಒಂದಿದೆ, ಅದು ಮೊದಲಿಗೇ ಮಾಡುವಂಥದ್ದಲ್ಲ. ಇಲ್ಲವೇ ಆಪರೇಷನ್: ಹಿಂದಲೆಯ ಎಲುಬು ಸ್ವಲ್ಪ ತೆಗೆದು, ಮೆದುಳಿನ ಹೊದಿಕೆಗೆ ತೇಪೆ ಹಾಕಿ, ಜಾಗ ಅಗಲ ಮಾಡುವುದು.

“ಕೈಗೆ ಬಿಸಿ ತಿರುಗಿ ಬರ್ತದ ಏನ್ರಿ?” ಅಂತ ಕೇಳಿದೆ.

“ಬರ್ತದ ಅಂತ ನಾ ಸುಳ್ಳು ಹೇಳಂಗಿಲ್ರಿ. ಆಪರೇಷನ್ ಮಾಡೂದು ಇದ್ದದ್ದು ಉಳಿಸ್ಲಿಕ್ಕೆ. ಈಗ ಬಿಸಿ ಹೋಗೇದ, ಬಿಟ್ರ ಮುಂದ ಹಿಡಿತ ಹೋಗ್ತದ.” ಅಪಾಯ ಇಲ್ಲವೇ ಅಂತ ಇವರು ಕೇಳಿದರು. ಇದೆ ಅಂದರು, ಮುಚ್ಚಿಡಲಿಲ್ಲ. ಸೋಂಕಾಗಬಹುದು, ನೀರು ಸೋರಬಹುದು, ಹೆಚ್ಚಿನದೂ ಆಗಬಹುದು. ಕೊನೆಗೆ ನರ್ಸು, “ಹಿಂದಲಿ ಕೂದ್ಲು ತಗೀಬೇಕಾಗ್ತದ್ರಿ,” ಅಂದಳು.

ಇವರು ಸುಮ್ಮನಿದ್ದು ನೋಡೋಣ ಅನ್ನುತ್ತಾರೆ. ವೇಬ್ರಿಡ್ಜಿನ ಹುಲುಗೇಶ್ ಎಮ್ಮಿಗನೂರಿನಲ್ಲಿ ಕುತ್ತಿಗೆ ಎಳೆದು ಸರಿಮಾಡುವವರಿದ್ದಾರೆ ಅಂದನಂತೆ. ಪ್ರಿಯಾ ಸೈಬರ್ ಕೆಫೆಯಿಂದ ಕಟ್ಟು ಕಾಗದ ತಂದು, ಇದಕ್ಕೆ ಕುತ್ತಿಗೆ ಎಳೆಸಿದರೆ ಕೈಕಾಲೇ ಹೋಗಬಹುದು ಅಂತ ಅಪ್ಪನನ್ನು ಗದರಿಸಿದಳು. ಇವರು ಪಾಪ, ಕಾಗದಗಳನ್ನು ಹಿಡಿದುಕೊಂಡು ಕೂತೇ ಇದ್ದರು. ಓದುತ್ತಿರಲಿಲ್ಲ.

18-12-2007

ಆಪರೇಷನ್ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ಇದ್ದಷ್ಟು ದಿನ ಇಕ್ಕಳ ಹಿಡಿದು ಅಡಿಗೆ ಮಾಡಿದರಾಯಿತು. ಧನುರ್ಮಾಸದ ಹುಗ್ಗಿ ಚೆನ್ನಾಗಿತ್ತು, ಮೆಣಸು ಸ್ವಲ್ಪ ಜಾಸ್ತಿ.

ದುರ್ಗಕ್ಕ ಹಿತ್ತಲ ಬಾಗಿಲಲ್ಲಿ ನಿಂತು, “ಅಮ್ಮಾರ, ಒಲಿ ಹಚ್ಚಿರಿ, ಸೆರಗು ನೋಡಿಕೊಳ್ರಿ,” ಅಂತ ಒದರುತ್ತಿದ್ದಳು. ಅವಳಿಗೆ ಯಾರು ಹೇಳಿದರೋ. ಪ್ರಿಯಾಳೇ ಇರಬೇಕು.

3-1-2008, ಗುರುವಾರ

ಕಣಕ ನಾದಲು ಆಗಲಿಲ್ಲ. ಬಲಗೈ ಹೆಬ್ಬೆರಳ ಬುಡದ ಮಾಂಸ ಇಳಿದು ಗುಳಿ ಬಿದ್ದಿದೆ. ಪ್ರಿಯಾ ನಾದಿದಳು, ಹಿಟ್ಟು ಕಲ್ಲಾಯಿತು, ತಿಂದೆವು.

ವಿದ್ಯಾಧೀಶಾಚಾರ್ಯರು ಬಂದಿದ್ದರು. ಮಧ್ವನವಮಿಯ ಅಡಿಗೆಯನ್ನು ಕಂಪ್ಲಿಯವರೇ ನೋಡಿಕೊಳ್ಳಲಿ, ನೀವು ವಿಶ್ರಾಂತಿ ತಗೋರಿ ಅಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಅವರು ಹೋದ ಮೇಲೆ ಅಡಿಗೆಮನೆಗೆ ಹೋಗಿ ಅತ್ತೆ. ಒಲೆ ಮುಂದೆ ನಿಂತು ಇಷ್ಟು ವರ್ಷವಾಯಿತು, ಅಲ್ಲಿ ಅತ್ತದ್ದು ಇದೇ ಮೊದಲು.

ಪೆನ್ನು ಜಾರುತ್ತಿದೆ. ಸಾಕು.

15-1-2008, ಮಂಗಳವಾರ

ಸಂಕ್ರಾಂತಿ. ಗೋದತ್ತೆ ಎಳ್ಳು ಹಸನು ಮಾಡುತ್ತಿದ್ದರು, ನಾನು ಕುಸುರೆಳ್ಳಿನ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದೆ. ಪ್ರಿಯಾ ಮತ್ತೆ ಆಪರೇಷನ್ನಿನ ಮಾತೆತ್ತಿದಳು. ನನಗೆ ರೇಗಿತು. “ಮುತ್ತೈದಿ ತಲಿ ಬೋಳಿಸಿಕೊಂಡು ಓಣಿಯೊಳಗ ಹೆಂಗ ತಿರಗಲಿ? ನೋಡಿದವರು ಏನಂದಾರು?” ಅಂದುಬಿಟ್ಟೆ. ಅಂದ ಮೇಲೆ ಎದುರಿಗೆ ಯಾರು ಕೂತಿದ್ದಾರೆ ಅಂತ ನೆನಪಾಯಿತು.

ಗೋದತ್ತೆ ಮೊರ ಕೆಳಗಿಟ್ಟರು. ಸಿಟ್ಟಿರಲಿಲ್ಲ.

“ನಂದು ತಗಿಯೂ ಮುಂದ ನನ್ನ ಯಾರೂ ಕೇಳ್ಲಿಲ್ಲ ಯಮುನಾ. ನಾ ಆಡ್ಲಿಕ್ಕೆ ಹೋಗಿದ್ದೆ, ಕರಕೊಂಡು ಬಂದು ಕೂಡ್ಸಿದ್ರು. ನಿನ್ನ ಕೇಳ್ಯಾರ. ಡಾಕ್ಟರು ಕುಂತು ತಿಳಿಸಿ ಹೇಳ್ಯಾರ. ನಿಂದು ತಿರಗಿ ಬೆಳೀತದ. ಹೂಂ ಅನ್ನು.”

ಮತ್ತೆ ಮೊರ ಎತ್ತಿಕೊಂಡು ಕಲ್ಲು ಆರಿಸತೊಡಗಿದರು. ಸೆರಗು ಸರಿದಿದ್ದ ಭುಜದ ಮೇಲೆ ನಾನು ಸುಟ್ಟ ಕಲೆ ಕಾಣುತ್ತಿತ್ತು. ಡಬ್ಬಿಯನ್ನು ಪ್ರಿಯಾಳ ಕೈಗೆ ಕೊಟ್ಟೆ, ಅವಳು ತೆರೆದಳು.

17-1-2008

ಹೂಂ ಅಂದೆ. ಇವರು ಹುಬ್ಬಳ್ಳಿಗೆ ಫೋನ್ ಮಾಡಿದರು.

5-2-2008, ಹುಬ್ಬಳ್ಳಿ

ನಾಳೆ. ಕೂದಲು ತೆಗೆದರು. ಹಿಂದೆ ಮಾತ್ರ ಅಂದಿದ್ದರು, ಅರ್ಧಕ್ಕಿಂತ ಹೆಚ್ಚೇ ಹೋಯಿತು. ಇವರು ಹೊರಗೆ ಹೋಗಿ ನಿಂತರು. ನನಗೆ ಅಳು ಬರಲಿಲ್ಲ, ಕುತ್ತಿಗೆಗೆ ಗಾಳಿ ತಾಗಿ ವಿಚಿತ್ರ ಅನ್ನಿಸಿತು. ಗೋದತ್ತೆ ತಮ್ಮದೊಂದು ಹಳೆಯ ಮಡಿ ಸೀರೆಯನ್ನು ಹರಿದು ತಲೆಗೆ ಸುತ್ತಿಕೊಳ್ಳಲು ಕೊಟ್ಟು ಕಳಿಸಿದ್ದಾರೆ. ಹತ್ತಿ ಬಟ್ಟೆ, ಮೆತ್ತಗಿದೆ.

ಆದದ್ದು ಆಗಲಿ. ಕೈ ಉಳಿಯಲಿ.

14-2-2008

ಬದುಕಿದ್ದೇನೆ. ವಾಂತಿ. ಕುತ್ತಿಗೆ ಮರದ ಕೊರಡು.

19-2-2008

ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲ. ಕೇಳಿದರೆ, ಹಾಕಿದ್ದೇವೆ ಅನ್ನುತ್ತಾರೆ. ಎಲ್ಲಿ ಹಾಕಿದರೋ. ಪ್ರಿಯಾ, “ಅಮ್ಮಾ ಹಳೀ ಮನಷ್ಯಾ ಆದ್ಲು,” ಅಂತ ಅಪ್ಪನಿಗೆ ಹೇಳುತ್ತಿದ್ದಳು.

2-3-2008, ಭಾನುವಾರ

ಮನೆಗೆ ಬಂದು ಎರಡು ವಾರವೂ ಆಗಿಲ್ಲ, ನಮ್ಮ ಚಿತ್ತವಾಡ್ಗಿ ಓಣಿಯ ಅಷ್ಟೂ ಹೆಂಗಸರು ಬಂದು ತಲೆ ನೋಡಿ ಹೋಗಿದ್ದಾರೆ. ಕಟ್ಟೆಯ ಮೇಲೆ ನಾನೂ ಗೋದತ್ತೆಯೂ ತಲೆಗೆ ಸೆರಗು ಹೊದ್ದು ಕೂತಿದ್ದಾಗ ದುರ್ಗಕ್ಕ ಬಂದು ಸೊಂಟಕ್ಕೆ ಕೈ ಇಟ್ಟು ನೋಡಿ, “ಅತ್ತಿ ಸೊಸಿ ಒಂದಾ ಫ್ಯಾಷನ್ ಮಾಡೀರಲ್ಲ,” ಅಂದಳು. ಗೋದತ್ತೆ ಬೈಯುತ್ತಾರೆ ಅಂದುಕೊಂಡೆ. “ನಿಂದೂ ತಗಸ್ತೀನಿ ಬಾ ಇಲ್ಲೆ,” ಅಂದರು.

ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಪ್ರಿಯಾಳಿಗೆ ಪರೀಕ್ಷೆ. ದುರ್ಗಕ್ಕನೇ ಸ್ನಾನ ಮಾಡಿಸಿದಳು. ಮೊದಲು ತನ್ನ ಕೈ ಅದ್ದಿ ನೋಡಿ ಆಮೇಲೆ ಹಾಕುತ್ತಾಳೆ. ಬೆನ್ನು ತಿಕ್ಕುವ ಕೈ ಪಾತ್ರೆ ತಿಕ್ಕಿದ ಹಾಗೇ ಇದೆ. ನಿಧಾನ ಅಂತ ಎಷ್ಟು ಸಲ ಹೇಳಬೇಕು?

7-4-2008, ಸೋಮವಾರ

ಯುಗಾದಿ. ಹೋಳಿಗೆ ಪ್ರಿಯಾ ಮಾಡಿದಳು. ನಾನು ಮಣೆ ಹಾಕಿಕೊಂಡು ಕೂತು ಹೇಳಿದೆ, ಅವಳು ಮಾಡಿದಳು. ಹೂರಣ ಹೊರಗೆ ಬಂತು. ನನ್ನ ಮೊದಲ ಹೋಳಿಗೆಯೂ ಹಾಗೇ ಇತ್ತು, ಆದರೆ ಅದನ್ನು ಹೇಳಲಿಲ್ಲ.

ಸಂಜೆ ದುರ್ಗಕ್ಕ ಅವಳ ಮನೆಯಿಂದ ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಳು. ರೊಟ್ಟಿಗೆ ಎಳ್ಳು ಹೆಚ್ಚಾಗಿತ್ತು, ಅಂಚು ಸ್ವಲ್ಪ ಸೀದಿತ್ತು, ಅಂದೆ. “ಎರಡು ತಿಂದ್ರಿ ಅಲ್ರೀ,” ಅಂದಳು. ಚಟ್ನಿ ಒಳ್ಳೆಯದಿತ್ತು, ಹೇಗೆ ಮಾಡಿದಳೋ ಕೇಳಬೇಕು.

21-5-2008, ಹುಬ್ಬಳ್ಳಿ

ಮತ್ತೆ ಸ್ಕ್ಯಾನ್. ಚೀಲದ ನೀರು ಇಳಿದಿದೆ. ಸರ್ಜನ್ನರು ಹಳೆಯದು ಹೊಸದು ಎರಡೂ ಫಿಲ್ಮು ಪಕ್ಕ ಪಕ್ಕ ಹಿಡಿದು ತೋರಿಸಿದರು. ನನಗೂ ತಿಳಿಯಿತು, ದಪ್ಪ ಬಿಳಿ ಗೆರೆ ಇದ್ದಲ್ಲಿ ಈಗ ದಾರದ ಎಳೆ.

ಅವರ ಎರಡು ಬೆರಳು ಕೊಟ್ಟು ಹಿಂಡಿರಿ ಅಂದರು. ಬಲಗೈಯಿಂದ ಹಿಂಡಿದೆ. “ಸಾಕ್ರಿ ಸಾಕ್ರಿ, ನಾಳೆ ನಾ ಇನ್ನೂ ಆಪರೇಷನ್ ಮಾಡೂದದ,” ಅಂದರು. ಗಾಜಿನ ಕೊಳವೆ ಮತ್ತೆ ತಾಗಿಸಿದರು. ಎರಡೂ ಗಾಜು. ಹೋದದ್ದು ಬರಬಹುದು, ಬರದೆಯೂ ಇರಬಹುದು, ಇದ್ದದ್ದು ಉಳಿಯಿತು ಅಂದರು. ಹೊರಗೆ ಬಂದು ಇವರು ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು. ಇಷ್ಟು ದಿನ ಹೇಗೆ ತಡೆದುಕೊಂಡಿದ್ದರೋ. ನಾನು ಇವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ನನಗೆ ಬೇಸರವೂ ಇತ್ತು, ಸಂತೋಷವೂ ಇತ್ತು.

18-8-2008, ಸೋಮವಾರ

ಮಧ್ಯಾರಾಧನೆ. ಮಠಕ್ಕೆ ಹೋಗಿದ್ದೆ. ಕಂಪ್ಲಿಯವರು ಸಾರಿಗೆ ಹುಳಿ ಹಾಕುವಾಗ ಹಿಂದೆ ನಿಂತು, ಸಾಕು ಅಂದೆ. ಗೊಜ್ಜಿಗೆ ಬೆಲ್ಲ ಇನ್ನೊಂದು ಅಚ್ಚು ಹಾಕಿಸಿದೆ. ಬೋಗುಣಿ ಇಳಿಸಲು ಇಕ್ಕಳ ತಂದುಕೊಂಡರು. ಈ ಸಲ ಎರಡು ಹೊಸ ಇಕ್ಕಳ ತರಿಸಿದ್ದಾರೆ, ನಾನೇ ಆಚಾರ್ಯರಿಗೆ ಹೇಳಿದ್ದೆ. ಬೆಂಕಿಯ ಮುಂದೆ ದೊಡ್ಡಸ್ತಿಕೆ ಯಾಕೆ?

ಹಯಗ್ರೀವ ನಾನೇ ಮಗುಚಿದೆ, ಉದ್ದ ಹಿಡಿಯ ಸೌಟಿನಿಂದ. ಕೈ ಸೋಲಲಿಲ್ಲ. ಆಮೇಲೆ ಮಠದಲ್ಲಿಯೇ ಒಂದು ಸುತ್ತು ಹೆಜ್ಜೆ ನಮಸ್ಕಾರ ಹಾಕಿದೆ, ನಡುವೆ ಎರಡು ಸಲ ಕಂಬ ಮುಟ್ಟಿದೆ. ಹಂಪಿಯ ಹರಕೆ ಬಾಕಿ ಇದೆ.

27-10-2008, ಸೋಮವಾರ

ನರಕ ಚತುರ್ದಶಿ. ಅವಲಕ್ಕಿ ಐದು ಥರ ಮಾಡಿದೆವು, ಮೊಸರವಲಕ್ಕಿಗೆ ಶುಂಠಿ ಮರೆತೆ.

ಬೆಳಗ್ಗೆ ಗೋದತ್ತೆ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತು, “ಬಾ, ನೀರು ಹಾಕು,” ಅಂದರು. ಪ್ರಿಯಾ ಹಾಕುತ್ತಾಳೆ ಅಂದೆ. “ಆಕಿಗೆ ಯಾಕ? ಹೋದ ವರ್ಷ ಸುಟ್ಟಾಕಿ ನೀನು. ಈ ವರ್ಷನೂ ನೀನs ಹಾಕು,” ಅಂದರು. ಆಮೇಲೆ ಹಿತ್ತಲಿಗೆ ಕೇಳುವ ಹಾಗೆ, “ದುರ್ಗೀ, ಬಾ ಇಲ್ಲೆ, ನೀರು ನೋಡು,” ಅಂತ ಕೂಗಿದರು.

ದುರ್ಗಕ್ಕ ಕೈ ಒರೆಸಿಕೊಂಡು ಬಂದು ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಬಿಟ್ಟಳು. “ಇನ್ನೊಂದು ತಂಬಿಗಿ ತಣ್ಣೀರು ಹಾಕ್ರಿ,” ಅಂದಳು. ಹಾಕಿದೆ. “ಈಗ ಹದ ಐತಿ.”

ತಂಬಿಗೆ ತುಂಬಿಕೊಂಡೆ. ಎರಡೂ ಕೈಯಲ್ಲಿ ಹಿಡಿದಿದ್ದೆ, ಗಟ್ಟಿಯಾಗಿಯೇ ಇತ್ತು, ಆದರೆ ಹೊಯ್ಯಲು ಧೈರ್ಯ ಸಾಲದು. ಭುಜದ ಮೇಲೆ ಆ ಕಲೆ ಎದುರಿಗೇ ಇದೆ. ಕೊನೆಗೆ ಅಲ್ಲಿಗೇ ಮೆಲ್ಲಗೆ ಹೊಯ್ದೆ. ಗೋದತ್ತೆ ಕಣ್ಣು ಮುಚ್ಚಿ ಕೂತಿದ್ದರು, ಮಿಸುಕಲಿಲ್ಲ, ಮಾತಿಲ್ಲ.

“ಬಿಸಿ ಅದ ಏನ್ರಿ?” ಅಂತ ಕೇಳಿದೆ.

“ಏನೂ ಗೊತ್ತಾಗವಲ್ದು ಯಮುನಾ,” ಅಂದರು. “ನಿನ್ನ ಜಡ್ಡು ನನಗ ಹತ್ತಿತು ಕಾಣಸ್ತದ.”

ಒಂದು ಕ್ಷಣ ನಾನು ಕಲ್ಲಾಗಿ ನಿಂತೆ. ಆಮೇಲೆ ನೋಡಿದರೆ ಅವರ ಭುಜ ಕುಲುಕುತ್ತಿದೆ. ದುರ್ಗಕ್ಕ ಬಾಗಿಲಿಗೆ ಒರಗಿ ಸೆರಗು ಬಾಯಿಗೆ ತುರುಕಿಕೊಂಡಳು. ನಾನು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು, ಪ್ರಿಯಾ ಒಳಗಿಂದ ಏನಾಯಿತೆಂದು ಓಡಿ ಬರುವಷ್ಟು ನಕ್ಕೆ. “ಇನ್ನ ಹಾಕ್ತೀಯೋ, ಇಲ್ಲೆ ಒಣಗ್ಲೋ?” ಅಂತ ಗೋದತ್ತೆ ಗದರಿದ ಮೇಲೆ ಉಳಿದ ನೀರು ಹಾಕಿದೆ.

ಅವಲಕ್ಕಿಗೆ ಎಲೆ ಹಾಕುವಾಗ ನೆನಪಾಯಿತು, ಅಷ್ಟು ನಗುವಾಗಲೂ ನನ್ನ ಕೈ ಹಿಂದಲೆಗೆ ಹೋಗಿರಲಿಲ್ಲ. ಎರಡೂ ಕೈ ತಂಬಿಗೆಯ ಮೇಲೇ ಇದ್ದವು.